ಆಟ ಆಡಿಸಿದರೂ ಕಳೆಯುವ ಲೆಕ್ಕ ಏಕೆ ತಪ್ಪುತ್ತದೆ?

ಪ್ರಶ್ನೆ: ಎರಡನೇ ತರಗತಿಗೆ ಪಾಠ ಮಾಡುತ್ತೇನೆ. ದಾಳ, ಕಾರ್ಡು, ಕುಣಿತ ಎಲ್ಲ ಮಾಡಿಸುತ್ತೇನೆ, ಮಕ್ಕಳಿಗೆ ತುಂಬಾ ಖುಷಿ. ಆದರೆ 52ರಲ್ಲಿ 27 ಕಳೆಯಿರಿ ಅಂದರೆ ಅರ್ಧ ತರಗತಿ 35 ಎಂದು ಬರೆಯುತ್ತದೆ. ಇನ್ನಾವ ಆಟ ಆಡಿಸಲಿ?

ಹೊಸ ಆಟ ಬೇಡ. ನನಗೆ ಬರುವ ಪತ್ರಗಳೆಲ್ಲ “ಇನ್ನೊಂದು ಆಟ ಹೇಳಿ” ಎಂದೇ ಮುಗಿಯುತ್ತವೆ. ಆಡಿಸಿದ ಆಟದಲ್ಲಿ ಗಣಿತ ಎಲ್ಲಿತ್ತು ಎಂದು ಯಾರೂ ಕೇಳಿಕೊಳ್ಳುವುದಿಲ್ಲ, ಬೇಸರವಾಗುವುದು ಅದಕ್ಕೇ.

35 ಎಂದು ಬರೆದ ಮಗು ಯೋಚಿಸದೆ ಬರೆದಿಲ್ಲ. 2ರಲ್ಲಿ 7 ಹೋಗದು, ಸರಿ, 7ರಲ್ಲಿ 2 ಕಳೆದರೆ 5. ಆಮೇಲೆ 5ರಲ್ಲಿ 2 ಹೋದರೆ 3. ಅದು ಎರಡು ಬಿಡಿಬಿಡಿ ಲೆಕ್ಕ ಮಾಡಿದೆ. 52 ಅಂದರೆ ಐದು ಹತ್ತು, ಎರಡು ಬಿಡಿ ಎಂಬುದು ಇನ್ನೂ ಅದರ ಕೈಗೆ ಸಿಕ್ಕಿಲ್ಲ. ಕುಣಿತದಿಂದ ಅದು ಸಿಗುವುದೂ ಇಲ್ಲ.

ಕಡ್ಡಿ ತನ್ನಿ, ಹತ್ತು ಹತ್ತರ ಕಂತೆ ಕಟ್ಟಿಸಿ. ಮಕ್ಕಳೇ ಎಣಿಸಿ ಕಟ್ಟಬೇಕು. ನೀವು ಕಟ್ಟಿ ಕೊಟ್ಟರೆ ಮಗುವಿಗೆ ಅದು ಒಂದು ವಸ್ತು, ಹತ್ತಲ್ಲ. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ. ಪ್ರತಿಯೊಬ್ಬರಿಗೂ ಐದು ಕಂತೆ, ಎರಡು ಬಿಡಿ ಕಡ್ಡಿ. ಎರಡು ದಾಳ ಹಾಕಿ, ಬಿದ್ದಷ್ಟು ಕಡ್ಡಿ ಡಬ್ಬಿಗೆ ಹಾಕಬೇಕು. ಮೊದಲು ಖಾಲಿ ಮಾಡಿದವರು ಗೆದ್ದರು. ಕೊನೆಯಲ್ಲಿ ಉಳಿದದ್ದಕ್ಕಿಂತ ಹೆಚ್ಚು ಬಿದ್ದರೆ ಎಲ್ಲವನ್ನೂ ಹಾಕಲಿ.

7 ಬಿತ್ತು ಅನ್ನಿ. ಬಿಡಿ ಇರುವುದು ಎರಡೇ. ಮಗು ನಿಮ್ಮ ಮುಖ ನೋಡುತ್ತದೆ. ದಯವಿಟ್ಟು ಆಗ ಸುಮ್ಮನಿರಿ. ಇಡೀ ಪಾಠ ಇರುವುದು ಆ ಗಳಿಗೆಯಲ್ಲಿ, ಶಿಕ್ಷಕರು ಬಾಯಿ ಹಾಕಿ ಕೆಡಿಸುವುದೂ ಅಲ್ಲೇ. ತಾನಾಗಿ ಒಂದು ಕಂತೆ ಬಿಚ್ಚಲಿ: ನಾಲ್ಕು ಕಂತೆ, ಹನ್ನೆರಡು ಬಿಡಿ. ಏಳು ಹೋಗಿ 45. ಕೆಲವರು ಇಡೀ ಕಂತೆ ಕೊಟ್ಟು ಮೂರು ಕಡ್ಡಿ ವಾಪಸ್ ತೆಗೆದುಕೊಳ್ಳುತ್ತಾರೆ. ತಡೆಯಬೇಡಿ, ಬಾಯಿಲೆಕ್ಕಕ್ಕೆ ಅದು ಇನ್ನೂ ಒಳ್ಳೆಯ ದಾರಿ.

ಪ್ರತಿ ಸಲ ದಾಳ ಹಾಕಿದಾಗಲೂ ಪುಸ್ತಕದಲ್ಲಿ ಬರೆಯಬೇಕು. ಕಂತೆ ಬಿಚ್ಚಿದ ಕೂಡಲೇ 5 ಹೊಡೆದು 4, 2ರ ಜಾಗದಲ್ಲಿ 12. ಆಟ ಮುಗಿದ ಮೇಲೆ ಬರೆಸಿದರೆ ಪ್ರಯೋಜನವಿಲ್ಲ. ಕೆಲವು ದಿನ ಹೀಗೆ ಆಡಿದ ಮೇಲೆ ಕಡ್ಡಿ ಬಿಟ್ಟು ಹತ್ತಕ್ಕೆ ಉದ್ದ ಗೆರೆ, ಬಿಡಿಗೆ ಚುಕ್ಕಿ ಹಾಕಿಸಿ, ಆಮೇಲೆ ಬರೀ ಅಂಕಿ. ಕೈಯಿಂದ ಚಿತ್ರಕ್ಕೆ, ಚಿತ್ರದಿಂದ ಚಿಹ್ನೆಗೆ ಎಂಬ ಈ ಕ್ರಮವನ್ನು ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರ ದಶಕದಲ್ಲೇ ವಿವರಿಸಿದ್ದರು.

ಆಟದೊಳಗೆ ಏನಿದೆ ಎಂಬುದೇ ಮುಖ್ಯ ಎನ್ನಲು ಇನ್ನೊಂದು ಆಧಾರವಿದೆ. ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಮಕ್ಕಳು ಸಾಲುಮನೆಗಳ ಆಟ ಆಡಿದರು. ಒಂದು ಗುಂಪಿನ ಮನೆಗಳಲ್ಲಿ 1ರಿಂದ 10ರವರೆಗೆ ಅಂಕಿ, ಇನ್ನೊಂದರಲ್ಲಿ ಬರೀ ಬಣ್ಣ. ಕಾಯಿ ನಡೆಸುತ್ತ ಅಂಕಿ ಹೇಳಿದ ಗುಂಪಿನ ಸಂಖ್ಯಾಜ್ಞಾನ ಸುಧಾರಿಸಿತು, ಬಣ್ಣ ಹೇಳಿದವರದು ಸುಧಾರಿಸಲಿಲ್ಲ. ಆಡಿದ್ದು ಒಟ್ಟು ಸುಮಾರು ಒಂದು ಗಂಟೆ ಮಾತ್ರ.

ಪ್ರಶ್ನೆ: ಒಂದನೇ ತರಗತಿಯ ಮಕ್ಕಳು ಬೆರಳೆಣಿಸುವುದನ್ನು ಬಿಡಿಸುವುದು ಹೇಗೆ?

ಬಿಡಿಸಬೇಡಿ. ಗದರಿಸಿದರೆ ಡೆಸ್ಕಿನ ಕೆಳಗೆ ಎಣಿಸುತ್ತಾರೆ, ಅಷ್ಟೇ.

ಪ್ರಶ್ನೆ: ಕಣ್ಣಿಗೆ ಪಟ್ಟಿ ಕಟ್ಟಿ ಪುಸ್ತಕ ಓದಿಸುವ ‘ಮಿಡ್‌ಬ್ರೇನ್ ಆ್ಯಕ್ಟಿವೇಶನ್’ ಮಾಡಿದರೆ ಗಣಿತ ಚುರುಕಾಗುತ್ತದಂತೆ, ಶಾಲೆಗೆ ಕರೆಸಬಹುದೇ?

ಅದು ಮೋಸ. ಮೂಗಿನ ಪಕ್ಕದ ಸಂದಿಯಿಂದ ಇಣುಕಿ ಓದುವುದನ್ನು ಮಹಾವಿದ್ಯೆ ಎಂದು ಮಾರುತ್ತಾರೆ, ಮಗುವಿಗೆ ಸುಳ್ಳು ಹೇಳುವುದನ್ನು ಕಲಿಸುತ್ತಾರೆ. ಬಾಗಿಲಲ್ಲೇ ವಾಪಸ್ ಕಳಿಸಿ.

ಪ್ರಶ್ನೆ: ಗಡಿಯಾರ ಇಟ್ಟು ಮಗ್ಗಿ ಸ್ಪರ್ಧೆ ಮಾಡಿಸಬಹುದೇ?

ನಾನಂತೂ ಮಾಡಿಸುವುದಿಲ್ಲ. ಮೊದಲೇ ಮಗ್ಗಿ ಬರುವ ನಾಲ್ವರು ಗೆಲ್ಲುತ್ತಾರೆ, ಉಳಿದವರು ಕೈ ಎತ್ತುವುದನ್ನೇ ಬಿಡುತ್ತಾರೆ. ವೇಗ ಬೇಕೆಂದರೆ ಮಗು ತನ್ನದೇ ಹಿಂದಿನ ವಾರದ ಸಮಯವನ್ನು ಮೀರಿಸಲಿ, ಅದೂ ಆ ಮಗ್ಗಿ ತಪ್ಪಿಲ್ಲದೆ ಬಂದ ಮೇಲೆ. ಆ ಸಮಯವನ್ನು ಗೋಡೆಗೆ ಅಂಟಿಸಬೇಡಿ.