ನಿಜ ಬಾಯಿಬಿಡಿಸುವ ಇಂಜೆಕ್ಷನ್ ಮತ್ತು ಪ್ರೊಫೆಸರ್‌ಗಳ ಕೆಲಸ

ಚಿತ್ರದುರ್ಗ ಜಿಲ್ಲೆಯ ಓದುಗರೊಬ್ಬರು ಎರಡು ಹಾಳೆ ತುಂಬ ಬರೆದಿದ್ದಾರೆ. ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಅವರ ತಮ್ಮನ ಮಗಳು ವಕೀಲಿಕೆ ಬಿಟ್ಟು ಅಪರಾಧ ಕಾನೂನಿನಲ್ಲಿ ಪಿಎಚ್‌ಡಿ ಮಾಡಲು ಹೊರಟಿದ್ದಾಳಂತೆ. "ಕಳ್ಳನನ್ನು ಹಿಡಿಯೋದು ಪೊಲೀಸರು, ಶಿಕ್ಷೆ ಕೊಡೋದು ಜಡ್ಜು. ನಡುವೆ ಈ ಪ್ರೊಫೆಸರ್‌ಗಳಿಗೆ ಏನು ಕೆಲಸ?" ಎಂದು ಕೇಳಿದ್ದಾರೆ. ಜೊತೆಗೆ ಇನ್ನೊಂದು ತಕರಾರು: "ನಮ್ಮ ಬೆಂಗಳೂರಿನ ಲ್ಯಾಬ್‌ನಲ್ಲೇ ನಾರ್ಕೋ ಮಾಡುತ್ತಿದ್ದರು. ಎರಡು ಗಂಟೆಯಲ್ಲಿ ನಿಜ ಹೊರಬೀಳುತ್ತಿತ್ತು. ಮಾನವ ಹಕ್ಕು ಅಂತ ಅದನ್ನೂ ನಿಲ್ಲಿಸಿದರು. ಒದೆಯೋದಕ್ಕಿಂತ ಇಂಜೆಕ್ಷನ್ ವಾಸಿ ಅಲ್ವಾ?"

ಎರಡನೇ ತಕರಾರಿನಿಂದಲೇ ಶುರು ಮಾಡುತ್ತೇನೆ. ನಾರ್ಕೋ ಅಂದರೆ ಇಂಜೆಕ್ಷನ್ ಕೊಟ್ಟು, ಮಂಪರಿನಲ್ಲಿರುವ ಆರೋಪಿಗೆ ಪ್ರಶ್ನೆ ಕೇಳುವ ಪರೀಕ್ಷೆ. ಮೊದಲನೆಯದಕ್ಕೂ ಉತ್ತರ ಅಲ್ಲೇ ಇದೆ.

ಈ ಇಂಜೆಕ್ಷನ್ ಕಥೆ ಶುರುವಾಗಿದ್ದು ಪೊಲೀಸ್ ಠಾಣೆಯಲ್ಲಲ್ಲ, ಹೆರಿಗೆ ಕೋಣೆಯಲ್ಲಿ. 1916ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ರಾಬರ್ಟ್ ಹೌಸ್ ಎಂಬ ಡಾಕ್ಟರು ಒಂದು ಮನೆಗೆ ಹೆರಿಗೆ ಮಾಡಿಸಲು ಹೋಗಿದ್ದರು. ನೋವು ಗೊತ್ತಾಗದಿರಲಿ ಎಂದು ತಾಯಿಗೆ ಸ್ಕೋಪೊಲಮಿನ್ ಕೊಟ್ಟಿದ್ದರು. ಮಗು ಹುಟ್ಟಿತು. ತೂಕ ನೋಡಲು ತಕ್ಕಡಿ ತನ್ನಿ ಎಂದರೆ ಗಂಡನಿಗೆ ಅದು ಸಿಗಲೇ ಇಲ್ಲ. ಮಂಪರಿನಲ್ಲಿದ್ದ ಹೆಂಡತಿ ಮಲಗಿದಲ್ಲಿಂದಲೇ, ಅಡುಗೆಮನೆಯಲ್ಲಿ ಪಟದ ಹಿಂದಿನ ಮೊಳೆಗೆ ತೂಗುಹಾಕಿದೆ ಎಂದು ಹೇಳಿಬಿಟ್ಟಳು. ಡಾಕ್ಟರಿಗೆ ಪರಮಾಶ್ಚರ್ಯ. ಈ ಔಷಧಿ ಕೊಟ್ಟರೆ ಮನುಷ್ಯ ಸುಳ್ಳು ಹೇಳಲಾರ ಎಂದು ಅವರು ನಂಬಿದರು. 1922ರಲ್ಲಿ ಡಲ್ಲಾಸ್ ಜೈಲಿನ ಇಬ್ಬರು ಕೈದಿಗಳ ಮೇಲೆ ಪ್ರಯೋಗವನ್ನೂ ಮಾಡಿದರು. ಪತ್ರಿಕೆಗಳು ಅದಕ್ಕೆ 'ಸತ್ಯದ ಮದ್ದು' ಎಂದು ಹೆಸರಿಟ್ಟವು.

ಆದರೆ ಆ ತಾಯಿಗೆ ಸುಳ್ಳು ಹೇಳುವ ಅಗತ್ಯವೇನಿತ್ತು? ತಕ್ಕಡಿ ಎಲ್ಲಿದೆ ಎಂಬುದನ್ನು ಯಾರಾದರೂ ಮುಚ್ಚಿಡುತ್ತಾರಾ?

ಈ ಪ್ರಶ್ನೆಯನ್ನು ಸರಿಯಾಗಿ ಕೇಳಿದ್ದು ವಿಶ್ವವಿದ್ಯಾಲಯದವರು. 1951ರಲ್ಲಿ ಅಮೆರಿಕದ ಯೇಲ್‌ನಲ್ಲಿ ಫ್ರೆಡ್ರಿಕ್ ರೆಡ್ಲಿಕ್ ಮುಂತಾದ ಮನೋವೈದ್ಯರು ಜಾರ್ಜ್ ಡೆಶನ್ ಜೊತೆ ಸೇರಿ ಒಂದು ಪ್ರಯೋಗ ಮಾಡಿದರು. ಈ ಡೆಶನ್ ಯಾರು ಅಂತೀರಿ? ಅಪರಾಧ ಕಾನೂನಿನ ಪ್ರೊಫೆಸರು. 9 ಜನರನ್ನು ಆರಿಸಿದರು. ಪ್ರತಿಯೊಬ್ಬರೂ ತಮ್ಮ ಜೀವನದ ಒಂದು ನಾಚಿಕೆಯ ಸಂಗತಿಯನ್ನು ಮೊದಲು ಒಬ್ಬರ ಹತ್ತಿರ ಹೇಳಬೇಕು. ಅದನ್ನು ಮುಚ್ಚಲು ಒಂದು ಕಟ್ಟುಕಥೆ ಸಿದ್ಧಮಾಡಿಕೊಳ್ಳಬೇಕು. ಆಮೇಲೆ ಸೋಡಿಯಂ ಅಮಿಟಾಲ್ ಎಂಬ ಮಂಪರಿನ ಔಷಧಿ ಕೊಟ್ಟು, ಬೇರೊಬ್ಬರು ವಿಚಾರಣೆ ಮಾಡುತ್ತಾರೆ. ಮನಸ್ಸು ಗಟ್ಟಿಯಿದ್ದವರು ಮಂಪರಿನಲ್ಲೂ ಕಟ್ಟುಕಥೆಯನ್ನು ಬಿಡಲಿಲ್ಲ. ತಪ್ಪು ಮಾಡಿದೆನೆಂಬ ಕೊರಗು ಮೊದಲೇ ಇದ್ದವರು ಬೇಗ ಬಾಯಿಬಿಟ್ಟರು. ಅಂಥವರು ಮಾಡದ ತಪ್ಪನ್ನೂ ಒಪ್ಪಿಕೊಂಡಾರು ಎಂದು ಸಂಶೋಧಕರು ಎಚ್ಚರಿಸಿದರು. ಅಂದರೆ ಪಳಗಿದ ಅಪರಾಧಿ ಪಾರಾಗುತ್ತಾನೆ, ಅಂಜುಬುರುಕ ಸಿಕ್ಕಿಬೀಳುತ್ತಾನೆ. ಮುಂದೆ 1963ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಇಂಥ ಔಷಧಿಯ ಅಮಲಿನಲ್ಲಿ ಹೊರಬಂದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದಿತು.

ಇಷ್ಟೆಲ್ಲ ಆಗಿ ನಾಲ್ಕು ದಶಕದ ಮೇಲೆ ನಮ್ಮಲ್ಲಿ ನಾರ್ಕೋ ಭರಾಟೆ ಶುರುವಾಯಿತು. ಕೇಂದ್ರ ಬೆಂಗಳೂರೇ. ಬೇರೆ ರಾಜ್ಯದ ಪೊಲೀಸರೂ ಆರೋಪಿಗಳನ್ನು ಇಲ್ಲಿಗೇ ಕರೆತರುತ್ತಿದ್ದರು. 2004ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಇದಕ್ಕೆ ಅಡ್ಡಿಯಿಲ್ಲ ಎಂದಿತ್ತು. ಛಾಪಾ ಕಾಗದ ಹಗರಣದ ತೆಲಗಿಯ ನಾರ್ಕೋ ವಿಡಿಯೋ ಟಿವಿಯಲ್ಲಿ ಬಂದದ್ದು ನಿಮಗೆ ನೆನಪಿರಬಹುದು. ತೊದಲುವ ಮಾತು, ಪಕ್ಕದಲ್ಲಿ ಪದೇ ಪದೇ ಪ್ರಶ್ನೆ ಕೇಳುವ ದನಿ. ಊರಿಗೆ ಊರೇ ಟಿವಿ ಮುಂದೆ ಕೂತಿತ್ತು. ಪ್ರಶ್ನೆಯೇ ಉತ್ತರವನ್ನು ಬಾಯಿಗೆ ತುರುಕುತ್ತಿದೆಯಾ ಎಂದು ಕೇಳಿದವರು ಕಡಿಮೆ. ನಮ್ಮ ಮಾಧ್ಯಮದವರಂತೂ ಆ ಗೋಜಿಗೇ ಹೋಗಲಿಲ್ಲ.

ಅದರ ಹಿಂದೆಯೇ ಬ್ರೈನ್ ಮ್ಯಾಪಿಂಗ್ ಬಂತು. ಅದರ ಒಂದು ಬಗೆಯನ್ನು ರೂಪಿಸಿದವರು ಹಿಂದೆ ನಿಮ್ಹಾನ್ಸ್‌ನಲ್ಲಿದ್ದ ಮನಶ್ಶಾಸ್ತ್ರಜ್ಞ ಸಿ.ಆರ್. ಮುಕುಂದನ್. ಆರೋಪಿಯ ತಲೆಗೆ ಎಲೆಕ್ಟ್ರೋಡ್ ಅಂಟಿಸುತ್ತಾರೆ. ಆತ ಏನೂ ಮಾತಾಡಬೇಕಿಲ್ಲ, ಸುಮ್ನೆ ಕೂತು ಕೇಳಿದರೆ ಸಾಕು. 'ನಾನು ವಿಷ ತಂದೆ', 'ನಾನು ಬೆರೆಸಿದೆ' ಎಂಬಂಥ ವಾಕ್ಯಗಳನ್ನು ಒಂದೊಂದಾಗಿ ಕೇಳಿಸುತ್ತಾರೆ. ಯಾವ ವಾಕ್ಯಕ್ಕೆ ಮೆದುಳಿನಲ್ಲಿ 'ಅನುಭವದ ನೆನಪು' ಎದ್ದಿತು ಎಂದು ಕಂಪ್ಯೂಟರ್ ಹೇಳುತ್ತದೆ. 2008ರ ಜೂನ್‌ನಲ್ಲಿ ಪುಣೆಯ ಸೆಷನ್ಸ್ ಕೋರ್ಟ್ ಒಂದು ಕೊಲೆ ಕೇಸಿನಲ್ಲಿ ಬೇರೆ ಸಾಕ್ಷ್ಯಗಳ ಜೊತೆ ಇದನ್ನೂ ನಂಬಿ ಜೀವಾವಧಿ ಶಿಕ್ಷೆ ಕೊಟ್ಟಿತು. ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ ಈ ವಿಧಾನವನ್ನು ಪರಿಶೀಲಿಸಿತು. ಇದಕ್ಕೆ ವೈಜ್ಞಾನಿಕ ಬುನಾದಿ ಸಾಲದು, ತನಿಖೆಯಲ್ಲಿ ಬಳಸುವುದನ್ನು ನಿಲ್ಲಿಸಿ ಎಂದಿತು. ಮನೆಯವರೇ ಮನೆಯ ಲೆಕ್ಕ ತೆಗೆದ ಹಾಗೆ. ನಮ್ಮ ಸಂಸ್ಥೆಗಳ ಬಗ್ಗೆ ನನಗೆ ನಿಜಕ್ಕೂ ಹೆಮ್ಮೆ ತರುವ ಸಂಗತಿ ಇದು. ಇದಕ್ಕೆ ಸಿಗಬೇಕಾದ ಪ್ರಚಾರ ಸಿಗಲಿಲ್ಲ.

ಕೊನೆಗೆ 2010ರ ಮೇ 5ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು: ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಕೇಸು. ಮಾನವ ಹಕ್ಕು ಅಂತ ಹೇಳಿ ನಿಲ್ಲಿಸಿದರು ಎಂಬ ನಿಮ್ಮ ಮಾತು ಪೂರ್ತಿ ಸರಿಯಲ್ಲ. ಯಾರನ್ನೂ ತನ್ನ ವಿರುದ್ಧ ತಾನೇ ಸಾಕ್ಷಿಯಾಗಲು ಒತ್ತಾಯಿಸಬಾರದು ಎಂಬ ಸಂವಿಧಾನದ 20(3)ನೇ ವಿಧಿ ಅಲ್ಲಿದೆ, ನಿಜ. ಆದರೆ ಅದಕ್ಕೂ ಮೊದಲು ಈ ಪರೀಕ್ಷೆಗಳ ಹುಟ್ಟು, ಬೆಳವಣಿಗೆ, ಅವುಗಳ ಮೇಲೆ ನಡೆದ ಅಧ್ಯಯನ, ಇವುಗಳಿಗೆ ಪುಟಗಟ್ಟಲೆ ಜಾಗ ಕೊಟ್ಟಿದ್ದಾರೆ. ಟೆಕ್ಸಾಸ್‌ನ ಹೌಸ್ ಡಾಕ್ಟರೂ ಅಲ್ಲಿ ಬರುತ್ತಾರೆ. ಸುಳ್ಳು ಪತ್ತೆ ಯಂತ್ರದ ಬಗ್ಗೆ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2003ರಲ್ಲಿ ಪ್ರಕಟಿಸಿದ ವರದಿಯೂ ಬರುತ್ತದೆ. ಒಬ್ಬರಲ್ಲ ಒಬ್ಬರು ಪರೀಕ್ಷೆ ಮಾಡಿ ಬರೆದಿಟ್ಟಿದ್ದಕ್ಕೇ ಜಡ್ಜುಗಳ ಕೈಗೆ ಓದಲು ಏನಾದರೂ ಸಿಕ್ಕಿತು.

ಇನ್ನೊಂದು ವಿಷಯ. ಕೋರ್ಟ್ ನಾರ್ಕೋವನ್ನು ಪೂರ್ತಿ ನಿಷೇಧಿಸಿಲ್ಲ. ಬಲವಂತವಾಗಿ ಮಾಡಬೇಡಿ ಎಂದಿದೆ. ಆರೋಪಿ ತಾನಾಗಿ ಒಪ್ಪಿದರೆ, ವಕೀಲರ ಸಲಹೆ ಪಡೆದು ಮ್ಯಾಜಿಸ್ಟ್ರೇಟರ ಮುಂದೆ ಹಾಗೆಂದು ಹೇಳಿದರೆ ಮಾಡಬಹುದು. ಆಗಲೂ ಅಲ್ಲಿ ಆಡಿದ ಮಾತು ಸಾಕ್ಷ್ಯವಾಗುವುದಿಲ್ಲ. ಅದರ ಜಾಡು ಹಿಡಿದು ಸಿಕ್ಕ ವಸ್ತು ಅಥವಾ ಮಾಹಿತಿಯನ್ನು ಮಾತ್ರ ಕೋರ್ಟ್ ಪರಿಗಣಿಸಬಹುದು. 2025ರ ಜೂನ್‌ನಲ್ಲಿ ಬಿಹಾರದ ಕೇಸೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಮತ್ತೆ ಹೇಳಬೇಕಾಯಿತು. ಆರೋಪಿಗಳಿಗೆಲ್ಲ ನಾರ್ಕೋ ಮಾಡಿಸುತ್ತೇವೆ ಎಂಬ ಪೊಲೀಸರ ಮಾತನ್ನು ಅಲ್ಲಿನ ಹೈಕೋರ್ಟ್ ಒಪ್ಪಿಕೊಂಡುಬಿಟ್ಟಿತ್ತು. 15 ವರ್ಷ ಕಳೆದರೂ ಆ ಇಂಜೆಕ್ಷನ್ ಮೇಲಿನ ಮೋಹ ಹೋಗಿಲ್ಲ ನೋಡಿ.

ಒದೆಯುವುದಕ್ಕಿಂತ ಇಂಜೆಕ್ಷನ್ ವಾಸಿ ಎಂಬ ವಾದವೂ 2010ರ ಆ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಒಂದು ತಪ್ಪಿನ ಜಾಗಕ್ಕೆ ಇನ್ನೊಂದನ್ನು ತಂದು ಕೂರಿಸುವ ವಾದ ಇದು ಎಂದು ಜಡ್ಜುಗಳು ಒಪ್ಪಲಿಲ್ಲ. ನನ್ನದೂ ಒಂದು ಮಾತು ಸೇರಿಸುತ್ತೇನೆ. ಎರಡರಲ್ಲೂ ತನಿಖೆ ಆರೋಪಿಯ ಬಾಯಿಯ ಮೇಲೇ ನಿಂತಿರುತ್ತದೆ. ಸ್ಥಳ ಮಹಜರು, ರಕ್ತದ ಕಲೆ, ಫೋನ್ ದಾಖಲೆ, ಇವುಗಳ ಹಿಂದೆ ಓಡುವ ಕಷ್ಟ ತಪ್ಪುತ್ತದೆ. ಆ ಸೋಮಾರಿತನಕ್ಕೆ ಔಷಧಿ ಇಲ್ಲ.

ಸಂಶೋಧನೆ ಅಂದರೆ ಬರೀ ಲ್ಯಾಬ್ ವಿಷಯವೂ ಅಲ್ಲ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದವರು ದೇಶದ ಜೈಲುಗಳಿಗೆ ಹೋಗಿ, ಗಲ್ಲು ಶಿಕ್ಷೆಗೆ ಗುರಿಯಾದ 373 ಜನರ ವಿವರ ಕಲೆಹಾಕಿ 2016ರಲ್ಲಿ ವರದಿ ಕೊಟ್ಟರು. ಅವರಲ್ಲಿ ನಾಲ್ಕನೇ ಮೂರು ಪಾಲು ಜನ ಬಡತನದ ಅಂಚಿನವರು. 2000ದಿಂದ 2015ರವರೆಗೆ ಕೆಳ ಕೋರ್ಟುಗಳು ಕೊಟ್ಟು, ಮೇಲ್ಮನವಿಯೆಲ್ಲ ಮುಗಿದ ಗಲ್ಲು ಶಿಕ್ಷೆಗಳಲ್ಲಿ ಕೊನೆಗೂ ಉಳಿದದ್ದು 100ಕ್ಕೆ 5ಕ್ಕಿಂತ ಕಡಿಮೆ. 100ಕ್ಕೆ ಸುಮಾರು 30 ಜನ ಖುಲಾಸೆಯೇ ಆದರು. ಈ ಲೆಕ್ಕವನ್ನು ಯಾವ ಸರ್ಕಾರಿ ಇಲಾಖೆಯೂ ಕೂಡಿಸಿ ಇಟ್ಟಿರಲಿಲ್ಲ.

ಈಗ ನಿಮ್ಮ ಹುಡುಗಿಯ ವಿಷಯ. ಅವಳು ಸರಿಯಾದ ಕಾಲಕ್ಕೇ ಹೊರಟಿದ್ದಾಳೆ. 2024ರ ಜುಲೈ 1ರಿಂದ ಹೊಸ ಅಪರಾಧ ಕಾನೂನುಗಳು ಜಾರಿಯಲ್ಲಿವೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ರ ಪ್ರಕಾರ, 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧವಾದರೆ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಬರಲೇಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ 5 ವರ್ಷದ ಅವಕಾಶವೂ ಇದೆ. ಒಳ್ಳೆಯ ನಿಯಮವೇ. ಆದರೆ ತಜ್ಞರು ಬಂದು ಏನು ಮಾಡುತ್ತಾರೆ? ಮಾದರಿ ಎಷ್ಟು ದಿನ ಠಾಣೆಯ ಬೀರುವಿನಲ್ಲಿ ಕೂರುತ್ತದೆ? ವರದಿ ಕೈಗೆ ಬಂದಾಗ, ಈ ಪರೀಕ್ಷೆ ಎಷ್ಟು ಸಲ ತಪ್ಪುತ್ತದೆ ಎಂದು ವಕೀಲರು ಪಾಟೀ ಸವಾಲಿನಲ್ಲಿ ಕೇಳುತ್ತಾರಾ, ಇಲ್ಲ 'ಎಫ್‌ಎಸ್‌ಎಲ್ (ಫೊರೆನ್ಸಿಕ್ ಲ್ಯಾಬ್) ರಿಪೋರ್ಟ್ ಬಂದಿದೆ' ಅಂದ ಕೂಡಲೇ ಎಲ್ಲರೂ ಸುಮ್ಮನಾಗುತ್ತಾರಾ? ಇದಕ್ಕೆ ಉತ್ತರ ದೆಹಲಿಯಲ್ಲಿ ಸಿಗುವುದಿಲ್ಲ. ಜಿಲ್ಲಾ ಕೋರ್ಟುಗಳ ರೆಕಾರ್ಡ್ ರೂಮಿನಲ್ಲಿ, ಕನ್ನಡದಲ್ಲಿ ಬರೆದುಕೊಂಡ ಸಾಕ್ಷಿ ಹೇಳಿಕೆಗಳಲ್ಲಿ ಸಿಗುತ್ತದೆ.

ಮಾದರಿ ಲ್ಯಾಬಿಗೆ ಹೋದ ತಾರೀಖು ಕಡತದ ಯಾವ ಹಾಳೆಯಲ್ಲಿರುತ್ತದೆ, ಯಾವ ಮೊಹರು ನೋಡಬೇಕು, ಆರ್ಡರ್ ಶೀಟ್ ಓದುವುದು ಹೇಗೆ ಎಂಬುದನ್ನು ಯಾವ ಗೈಡೂ ಅವಳಿಗೆ ಕಲಿಸಲಾರರು. ಶಿರಸ್ತೇದಾರರಾಗಿದ್ದ ನಿಮಗೆ ಅದು ಗೊತ್ತು. ಒಂದು ಭಾನುವಾರ ಅವಳನ್ನು ಕೂರಿಸಿಕೊಂಡು ಹೇಳಿಕೊಡಿ.