ಅಕ್ಕನೋ, ಅಕ್ಕನ ಮಗಳೋ?

ಗುರುತು ಸಿಗಬಾರದೆಂದು ಹೆಸರು, ವಯಸ್ಸು ಬದಲಿಸಿದ್ದೇನೆ.

ಸುಮಾಗೆ 29 ವರ್ಷ. ಸೋಮವಾರಪೇಟೆ ಕಡೆಯವರು. ಮಡಿಕೇರಿ ಹತ್ತಿರದ ತೋಟದ ಮನೆಗೆ ಸೊಸೆಯಾಗಿ ಬಂದು ಒಂದು ವರ್ಷ. ನಿದ್ದೆ ಬರ್ತಿಲ್ಲ ಅಂತ ನನ್ನ ಹತ್ತಿರ ಸಲಹೆಗೆ ಬಂದರು. ಗಂಡ, ಅತ್ತೆ, ದುಡ್ಡು, ಎಲ್ಲ ಕೇಳಿದೆ. ಯಾವುದೂ ಅಲ್ಲ. ಅರ್ಧ ಗಂಟೆ ಆದ ಮೇಲೆ ಬಾಯಿಬಿಟ್ಟರು: "ಮೇಡಂ, ವಾರಗಿತ್ತೀನ ಏನಂತ ಕರೀಲಿ?"

ನಗು ಬಂತು, ತಡೆದುಕೊಂಡೆ. ಪೂರ್ತಿ ಕೇಳಿದ ಮೇಲೆ ನಗು ಬರಲಿಲ್ಲ.

ವಾರಗಿತ್ತಿಗೆ 24. ಆಕೆ ಸುಮಾ ಅವರ ದೊಡ್ಡಮ್ಮನ ಮೊಮ್ಮಗಳು. ತವರಿನ ಲೆಕ್ಕದಲ್ಲಿ ಅಕ್ಕನ ಮಗಳು, ಚಿಕ್ಕಂದಿನಿಂದ "ಚಿಕ್ಕಿ" ಅಂತ ಹಿಂದೆ ಸುತ್ತಿದವಳು. ತನ್ನ ಮೈದುನನಿಗೆ ಸುಮಾ ಅವರ ಸಂಬಂಧ ತಂದದ್ದೂ ಅವಳೇ. ಮದುವೆಯಾದದ್ದೇ ತಡ, ಗಂಡನ ಅಣ್ಣನ ಹೆಂಡತಿಯಾಗಿ ಅವಳು "ಅಕ್ಕ" ಆಗಿಬಿಟ್ಟಳು. ನಮ್ಮ ಕಡೆ ಕೊಟ್ಟು ತರುವುದು ಸುತ್ತಮುತ್ತಲ ಮನೆಗಳಲ್ಲೇ ಜಾಸ್ತಿ. ಹೀಗೆ ಎರಡು ದಾರಿಯ ನೆಂಟಸ್ತಿಕೆ ಹೊಸದೇನಲ್ಲ.

ಒಂದು ವರ್ಷ ಇಬ್ಬರೂ ಒಬ್ಬರನ್ನೊಬ್ಬರು ಕರೆದೇ ಇಲ್ಲ. "ಇಲ್ನೋಡಿ", "ಕೇಳಿಸ್ತಾ" ಅಷ್ಟೇ. ಹುತ್ತರಿ ಸುಗ್ಗಿ ಹಬ್ಬದ ರಾತ್ರಿ ಹೊಸ ಭತ್ತದ ಕದಿರು ಮನೆಗೆ ಬಂತು, "ಪೊಲಿ ಪೊಲಿ ದೇವಾ" ಅಂತ ಕೂಗಿದ್ದೂ ಆಯಿತು, ಕಿರಿಯರು ಹಿರಿಯರ ಕಾಲಿಗೆ ಬೀಳುವ ಹೊತ್ತು. ಸುಮಾ ತಂಬಿಟ್ಟಿನ ತಟ್ಟೆ ಹಿಡಿದು ಅಡುಗೆಮನೆಯಲ್ಲೇ ನಿಂತರು. "ಸೊಸೆಗೆ ಸೊಕ್ಕು" ಅಂದರಂತೆ ಅತ್ತೆ.

ಮುಂದಿನ ವಾರ ಇಬ್ಬರನ್ನೂ ಕರೆಸಿದೆ. ಚಿಕ್ಕವಳು ಕೂತ ಕೂಡಲೇ ಅತ್ತಳು. "ಚಿಕ್ಕಿ ನನ್ನ ಕಾಲಿಗೆ ಬಿದ್ದರೆ ನಮ್ಮಮ್ಮ ನನ್ನ ಸುಮ್ನೆ ಬಿಡ್ತಾರಾ?"

ಹೆಸರು ಹಿಡಿದು ಕರೆಯಿರಿ ಅನ್ನುವುದು ಸುಲಭದ ಸಲಹೆ. ಕೊಡಲಿಲ್ಲ. ಆ ಮನೆಯಲ್ಲಿ ಅದು ಇನ್ನೊಂದು ಜಗಳಕ್ಕೆ ದಾರಿ. ಎದುರು ಕರೆಯುವುದು ಬೇರೆ, ಇನ್ನೊಬ್ಬರ ಹತ್ತಿರ ಹೇಳುವುದು ಬೇರೆ, ಅಲ್ವಾ? ಅತ್ತೆಯ ಹತ್ತಿರ ಮಾತಾಡುವಾಗ "ಅಕ್ಕ ತೋಟಕ್ಕೆ ಹೋಗಿದ್ದಾರೆ" ಅನ್ನಿ, ಅಷ್ಟು ಸಾಕು ಅಂತ ಸುಮಾಗೆ ಅಂದೆ. ಎದುರು ಕರೆಯಲು ಮಗುವಿನ ನೆಪ ಹಿಡಿಯಿರಿ. ಚಿಕ್ಕವಳಿಗೆ ಒಂದೂವರೆ ವರ್ಷದ ಮಗನಿದ್ದಾನೆ. ಸುಮಾ "ಪುಟ್ಟನ ಅಮ್ಮಾ" ಅನ್ನಬಹುದು. ಪುಟ್ಟನಿಗೆ ಸುಮಾ ಹೇಗೂ ಚಿಕ್ಕಮ್ಮ. ಅವನ ಪರವಾಗಿ ಅವನಮ್ಮ "ಚಿಕ್ಕಿ" ಅಂದರೆ ಯಾರು ತಪ್ಪು ಹಿಡಿಯುತ್ತಾರೆ? ಹಬ್ಬದಲ್ಲಿ ಇಬ್ಬರೂ ಒಟ್ಟಿಗೆ ಅತ್ತೆಯ ಕಾಲಿಗೆ ಬಿದ್ದು ಎದ್ದುಬಿಡಿ. ಕಾರಣವನ್ನು ಅತ್ತೆಗೆ ಹೇಳಬೇಕಾದ್ದು ಗಂಡಂದಿರು, ಸೊಸೆಯರಲ್ಲ. ಇದನ್ನು ಎರಡು ಸಲ ಹೇಳಿದೆ.

ಸುಮಾಗೆ ಮಗುವಾದರೆ ಅದು ಚಿಕ್ಕವಳನ್ನು "ದೊಡ್ಡಮ್ಮ" ಅಂತಲೇ ಕರೆಯಬೇಕು, ಅದರಲ್ಲಿ ರಿಯಾಯಿತಿ ಇಲ್ಲ ಅಂದೆ. "24ಕ್ಕೇ ದೊಡ್ಡಮ್ಮನಾ!" ಅಂತ ಚಿಕ್ಕವಳು ಕಣ್ಣೊರೆಸಿಕೊಂಡು ನಕ್ಕಳು.

ಎರಡು ತಿಂಗಳ ಮೇಲೆ ಸುಮಾ ಫೋನ್ ಮಾಡಿದ್ದರು. ಮಾತಿನ ನಡುವೆ ಹಿಂದಿನಿಂದ "ಚಿಕ್ಕೀ, ಹಾಲು ಉಕ್ತಾ ಇದೆ!" ಅಂತ ಕೂಗು ಕೇಳಿಸಿತು. "ಮತ್ತೆ ಮಾಡ್ತೀನಿ ಮೇಡಂ" ಅಂತ ಇಟ್ಟುಬಿಟ್ಟರು.