ಸೋಲೋ ಹುಡುಕೋದು ಬಿಡಿ, ಬೇಸ್ ಕೇಳಿ

ಸರ್, ನಿಮ್ಮ ಪೋಸ್ಟ್ ಓದ್ದೆ. 'ಆಲ್ ರೈಟ್ ನೌ' ಇಷ್ಟ ಆಯ್ತು ಅಂತ ಬ್ರಿಟಿಷ್ ರಾಕ್ ಬ್ಯಾಂಡ್ 'ಫ್ರೀ'ಯ 1970ರ ಆಲ್ಬಂ 'ಫೈರ್ ಅಂಡ್ ವಾಟರ್' ತಗೊಂಡ್ರಿ, ಬ್ಲೂಟೂತ್ ಸ್ಪೀಕರಲ್ಲಿ ಬೇಸ್ ಬೂಸ್ಟ್ ಹಾಕಿ ಕೇಳಿದ್ರಿ, ಆ ಒಂದು ಹಾಡು ಬಿಟ್ರೆ ಮಿಕ್ಕಿದ್ದೆಲ್ಲ ನಿಧಾನ, ಸೋಲೋನೂ (ಒಂದೇ ವಾದ್ಯ ಮುಂದೆ ಬಂದು ಮೆರೆಯೋ ಭಾಗ) ಸರಿಯಾಗಿಲ್ಲ, ಮಾರಿಬಿಡ್ತೀನಿ, ಗಿಟಾರ್ ಜಾಸ್ತಿ ಇರೋ ಬ್ಲೂಸ್ ರಾಕ್ ಆಲ್ಬಂ ಯಾವುದಾದ್ರೂ ಹೇಳಿ ಅಂತ. ಕೆಳಗೆ ಜನ ಆಗ್ಲೇ ಹೆಸರು ಸುರಿಯೋಕೆ ಶುರು ಮಾಡಿದಾರೆ. ಸ್ವಲ್ಪ ತಡೀರಿ. ನಾನೂ ಒಂದು ಕಾಲದಲ್ಲಿ ಹಿಂಗೇ ಹಿಟ್ ಹಾಡನ್ನೇ ಅಳತೆಗೋಲು ಮಾಡ್ಕೊಂಡು ಒಳ್ಳೊಳ್ಳೆ ಎಲ್‌ಪಿ ರೆಕಾರ್ಡು ಕೈಬಿಟ್ಟೋನೇ, ಅದಕ್ಕೇ ಹೇಳ್ತಿರೋದು.

ಮೊದ್ಲು ಆ ಬೇಸ್ ಬೂಸ್ಟ್ ಆಫ್ ಮಾಡಿ. ಆಮೇಲೆ ನಿಮಗೆ ಇಷ್ಟ ಆದ 'ಆಲ್ ರೈಟ್ ನೌ'ನೇ ಇನ್ನೊಂದ್ಸಲ ಹಾಕಿ, ಆದ್ರೆ ಹಾಡೋ ಪಾಲ್ ರಾಡ್ಜರ್ಸ್ ಕಡೆಗೂ ಪಾಲ್ ಕಾಸಫ್ ಗಿಟಾರ್ ಕಡೆಗೂ ಕಿವಿ ಕೊಡ್ಬೇಡಿ. ಹುಡುಗಿ ಸಿಕ್ಕಿದ ಕಥೆ ಹೇಳ್ತಾನಲ್ಲ, ಆ ಭಾಗದಲ್ಲಿ ಬೇಸ್ ಗಿಟಾರೇ ಇಲ್ಲ! ಬರೀ ಗಿಟಾರು, ಸೈಮನ್ ಕರ್ಕ್ ಡ್ರಮ್ಸು. ಕೋರಸ್ ಬಂದಾಗ ಆಂಡಿ ಫ್ರೇಸರ್ ಬೇಸ್ ಒಳಗೆ ಬರುತ್ತೆ, ಹಾಡು ಏಕ್‌ದಂ ಎದ್ದು ನಿಲ್ಲೋದು ಅದರಿಂದಾನೇ. ಇಷ್ಟು ವರ್ಷ ರೇಡಿಯೋದಲ್ಲಿ ಕೇಳ್ಕೊಂಡು ಬಂದೋರಿಗೂ ಇದು ಗೊತ್ತಿರಲ್ಲ. ನಿಮ್ಮ ಸ್ಪೀಕರ್ ಬೂಸ್ಟ್ ಏನ್ಮಾಡುತ್ತೆ ಅಂದ್ರೆ ಕಿಕ್ ಡ್ರಮ್ಮನ್ನೇ ಗುಮ್ ಗುಮ್ ಅನ್ನಿಸಿ ಆ ಖಾಲಿ ಜಾಗನ ತುಂಬಿಬಿಡುತ್ತೆ, ಬೇಸ್ ಬಂದಿದ್ದೂ ಗೊತ್ತಾಗಲ್ಲ ಇಲ್ಲದೆ ಇದ್ದಿದ್ದೂ ಗೊತ್ತಾಗಲ್ಲ.

ಈಗ ಅದೇ ಆಲ್ಬಂನ 'ಮಿಸ್ಟರ್ ಬಿಗ್' ಹಾಕಿ. ನೀವು ಸರಿಯಾದ ಸೋಲೋ ಇಲ್ಲ ಅಂದ್ರಲ್ಲ, ಇದೆ, ಬೇಸಲ್ಲಿದೆ. ಹಾಡಿನ ನಡುವೆ ಕಾಸಫ್ ಗಿಟಾರಲ್ಲಿ ಕಾರ್ಡ್ (ಒಟ್ಟಿಗೆ ನುಡಿಯೋ ಸ್ವರಗಳು) ಹಿಡ್ಕೊಂಡು ನಿಂತಿರ್ತಾನೆ, ಕರ್ಕ್ ತಾಳ ಒಂಚೂರೂ ಅಲ್ಲಾಡಿಸಲ್ಲ, ಆ ಫ್ರೇಸರ್ ಹುಡುಗ ಕೆಳಗಿಂದ ಮೆಲ್ಲಗೆ ಮೇಲಕ್ಕೆ ಹತ್ಕೊಂಡು ಹೋಗ್ತಾನೆ, ಅವಸರ ಅನ್ನೋದೇ ಇಲ್ಲ. ಹುಡುಗ ಅಂತ ಸುಮ್ನೆ ಅಂದಿದ್ದಲ್ಲ, 1968ರಲ್ಲಿ ಲಂಡನ್‌ನಲ್ಲಿ ಬ್ಯಾಂಡ್ ಕಟ್ಟಿದಾಗ ಅವನಿಗೆ ಹದಿನಾರೂ ತುಂಬಿರ್ಲಿಲ್ಲ, ಅಷ್ಟರಲ್ಲಾಗ್ಲೇ ಬ್ರಿಟಿಷ್ ಬ್ಲೂಸ್‌ನ ಹಿರಿಯ ಜಾನ್ ಮೇಯಲ್ ಬ್ಯಾಂಡಲ್ಲಿ ನುಡಿಸಿ ಬಂದಿದ್ದ. ಒಂದೊಂದು ಗಂಟೆ ವಿಳಂಬಿತ್ ಖಯಾಲ್ ಕೇಳೋ ಊರಿನ ಜನ ನಾವು, ಆರು ನಿಮಿಷದ ಹಾಡು ನಿಧಾನ ಅಂದ್ರೆ ಹೆಂಗೆ ಸ್ವಾಮಿ. ಇವರು ನುಡಿಸದೇ ಬಿಟ್ಟ ಜಾಗಾನೇ ಇವರ ಬಂಡವಾಳ. ಇಡೀ ಆಲ್ಬಂನಲ್ಲಿ ಇರೋದೇ ಏಳು ಹಾಡು, ಶಫಲ್ ಆಫ್ ಮಾಡಿ ಎ ಸೈಡ್ ಪೂರ್ತಿ, ಸ್ವಲ್ಪ ಎದ್ದು ಓಡಾಡಿ, ಆಮೇಲೆ ಬಿ ಸೈಡ್. ಟೈಟಲ್ ಹಾಡನ್ನ ಸೋಲ್ (soul, ಅಮೆರಿಕದ ಕಪ್ಪುಜನರ ಸಂಗೀತ) ದಿಗ್ಗಜ ವಿಲ್ಸನ್ ಪಿಕೆಟ್ ಆಮೇಲೆ ತಾನೇ ಹಾಡ್ದ, ಅಂದ್ರೆ ರಾಡ್ಜರ್ಸ್ ಇನ್ನೊಬ್ಬ ಸೋಲ್ ಗಾಯಕ ಓಟಿಸ್ ರೆಡಿಂಗ್‌ನ ಕೇಳಿ ಕಲಿತಿದ್ದು ವಾಪಸ್ ಅಮೆರಿಕಾಗೇ ಹೋಯ್ತು ಅಂತ.

ಅದೇ 1970ರ ಕೊನೇಲಿ ಬಂದ ಫ್ರೀಯ ಮುಂದಿನ ಆಲ್ಬಂ 'ಹೈವೇ' ಇದೆಯಲ್ಲ, ಅದನ್ನ ಕೇಳೋರೇ ಇಲ್ಲ. 'ಫೈರ್ ಅಂಡ್ ವಾಟರ್' ಇಂಗ್ಲೆಂಡಲ್ಲಿ 2ನೇ ಸ್ಥಾನಕ್ಕೆ ಹೋಯ್ತು, 'ಹೈವೇ' 41ರಲ್ಲಿ ನಿಂತ್ಕೊಂಡ್ತು, 'ದ ಸ್ಟೀಲರ್' ಸಿಂಗಲ್ ಓಡ್ಲಿಲ್ಲ, ಹುಡುಗರು ಅಲ್ಲೇ ಮನಸ್ಸು ಮುರ್ಕೊಂಡ್ರು. 'ಬಿ ಮೈ ಫ್ರೆಂಡ್' ಒಂದು ರಾತ್ರಿ ಕೇಳಿ ಆಮೇಲೆ ಮಾತಾಡಿ. ಗಿಟಾರೇ ಬೇಕು ಅಂತ ಹಠ ಇದ್ರೆ ಮೊದಲನೇ ಆಲ್ಬಂ 'ಟನ್ಸ್ ಆಫ್ ಸಾಬ್ಸ್' ಇದೆ, 1969ದು, ಕಾಸಫ್ ಅಲ್ಲಿ ಗಿಟಾರನ್ನ ಧಾರಾಳವಾಗಿ ಅಳೋ ಹಂಗೆ ಮಾಡ್ತಾನೆ. ಅದರಲ್ಲಿರೋ 'ದ ಹಂಟರ್' ಮೂಲದಲ್ಲಿ ಬ್ಲೂಸ್‌ನ ಆಲ್ಬರ್ಟ್ ಕಿಂಗ್ ಹಾಡಿದ್ದು, ಅವನ ಹಿಂದೆ ನುಡಿಸಿದ್ದು ಮೆಂಫಿಸ್‌ನ ಸೋಲ್ ಕಂಪನಿ ಸ್ಟ್ಯಾಕ್ಸ್‌ನ ಬುಕರ್ ಟಿ ತಂಡ. ಬ್ಲೂಸ್, ಸೋಲ್ ಸಂಗೀತ ಎರಡನ್ನೂ ಬೇರೆ ಬೇರೆ ಕಪಾಟಲ್ಲಿ ಇಡೋರು ಇದನ್ನ ಗಮನಿಸ್ಬೇಕು.

ನನ್ನ ಪದ್ಧತಿ ಇಷ್ಟೇ. ಒಂದು ಆಲ್ಬಂ ಹಿಡಿಸ್ತು ಅಂದ್ರೆ ಆ ಹಾಡುಗಾರನ ಮುಂದಿನ ಆಲ್ಬಂ ತಗೊಳಲ್ಲ, ಕವರ್ ತಿರುಗಿಸಿ ಬೇಸ್, ಡ್ರಮ್ಸ್, ಕೀಬೋರ್ಡ್ ಯಾರು ನೋಡ್ತೀನಿ, ಆ ಹೆಸರು ಹಿಡ್ಕೊಂಡು ಹೋಗ್ತೀನಿ. ಅಮೆರಿಕದ ಗಾಯಕ ಬಾಜ್ ಸ್ಕ್ಯಾಗ್ಸ್ ಅಂದ್ರೆ ನಿಮಗೆ 1976ರ 'ಸಿಲ್ಕ್ ಡಿಗ್ರೀಸ್' ನೆನಪಾಗುತ್ತೆ, ನುಣ್ಣಗಿನ ಸಂಗೀತ, ಬೇಡ ಅಂತೀರಿ, ಸರಿ. ಆದ್ರೆ ಸ್ಟೀವ್ ಮಿಲ್ಲರ್ ಬ್ಯಾಂಡ್ ಬಿಟ್ಟ ಮೇಲೆ 1969ರಲ್ಲಿ ಅಟ್ಲಾಂಟಿಕ್ ಕಂಪನಿಗೆ ತನ್ನ ಹೆಸರಲ್ಲೇ ಒಂದು ಆಲ್ಬಂ ಮಾಡ್ದ. ರೆಕಾರ್ಡ್ ಆಗಿದ್ದು ಅಲಬಾಮಾದ ಮಸಲ್ ಶೋಲ್ಸ್ ಸೌಂಡ್ ಸ್ಟುಡಿಯೋದಲ್ಲಿ. ರಾಜರ್ ಹಾಕಿನ್ಸ್ ಡ್ರಮ್ಸ್, ಡೇವಿಡ್ ಹುಡ್ ಬೇಸ್, ಬ್ಯಾರಿ ಬೆಕೆಟ್ ಕೀಬೋರ್ಡ್, ಜಿಮ್ಮಿ ಜಾನ್ಸನ್ ಗಿಟಾರ್, ಈ ನಾಲ್ಕು ಜನ ರಿಕ್ ಹಾಲ್‌ನ ಫೇಮ್ ಸ್ಟುಡಿಯೋ ಬಿಟ್ಟು ಬಂದು ಆ ವರ್ಷಾನೇ ಸ್ವಂತವಾಗಿ ಈ ಸ್ಟುಡಿಯೋ ತೆರೆದಿದ್ರು. ಜೊತೆಗೆ ಡ್ವೇನ್ ಆಲ್ಮನ್ ಗಿಟಾರ್. ಎರಡನೇ ಸೈಡಲ್ಲಿ 'ಲೋನ್ ಮಿ ಎ ಡೈಮ್' ಅಂತ ಹನ್ನೆರಡು ನಿಮಿಷ ದಾಟೋ ಹಾಡಿದೆ. ಎಲ್ಲರೂ ಡ್ವೇನ್ ಡ್ವೇನ್ ಅಂತಾರೆ, ಸರಿನೇ, ಆದ್ರೆ ಹಾಕಿನ್ಸ್ ಹೆಂಗೆ ತಡೆದು ತಡೆದು ಇಟ್ಕೊಂಡು ಕೊನೇಲಿ ಬಿಡ್ತಾನೆ ಅನ್ನೋದು ಕೇಳಿ. ತಾಳ ಬಿಗಿಯಾಗ್ತಾ ಆಗ್ತಾ ಹಾರ್ನ್ಸ್ (ಟ್ರಂಪೆಟ್, ಸ್ಯಾಕ್ಸೋಫೋನ್ ಥರದ ಊದೋ ವಾದ್ಯಗಳು) ಮೇಲೇರಿ ಗಿಟಾರಿಗೆ ದಾರಿ ಮಾಡಿಕೊಡ್ತವೆ. ಆ ತಡೆ ಇಲ್ದಿದ್ರೆ ಆಲ್ಮನ್ ಸೋಲೋಗೆ ಅರ್ಧ ಬೆಲೇನೂ ಬರ್ತಿರ್ಲಿಲ್ಲ.

ಇದರಲ್ಲಿ ಎರಡು ಎಚ್ಚರಿಕೆ. ಹಾಡು ಸ್ಕ್ಯಾಗ್ಸ್‌ದಲ್ಲ, ಷಿಕಾಗೋ ಬ್ಲೂಸ್ ಗಾಯಕ ಫೆಂಟನ್ ರಾಬಿನ್ಸನ್ 1967ರಲ್ಲಿ ರೆಕಾರ್ಡ್ ಮಾಡಿದ್ದು, ಮೊದಲು ಸ್ಕ್ಯಾಗ್ಸ್ ಹೆಸರಲ್ಲೇ ಅಚ್ಚಾಗಿ ಕಾನೂನು ಜಗಳ ಆದ್ಮೇಲೆ ಸರಿ ಹೋಯ್ತು. ರಾಬಿನ್ಸನ್ ಹಾಡಿದ್ದೂ ಕೇಳಿ, ಅದು ಪುಟ್ಟದು, ಅದರ ನೋವು ಬೇರೆ. ಇನ್ನೊಂದು, 'ಸಿಲ್ಕ್ ಡಿಗ್ರೀಸ್' ಗೆದ್ದ ಮೇಲೆ 1977ರಲ್ಲಿ ಈ ಆಲ್ಬಂನ ರೀಮಿಕ್ಸ್ ಮಾಡಿ ಮತ್ತೆ ಬಿಟ್ರು. ಹಂಗಾಗಿ ಎರಡು ಮಿಕ್ಸ್ ಓಡಾಡ್ತಿವೆ. ನನ್ನ ಕಿವಿಗೆ ಹಳೇದೇ ಹಿತ, ಆದ್ರೆ ಇದರಲ್ಲಿ ಜಗಳ ಆಡೋಕೆ ರೆಡಿ ಇಲ್ಲ, ಯಾವ ಮಿಕ್ಸ್ ಅಂತ ಕೇಳದೇ ದುಡ್ಡು ಕೊಡ್ಬೇಡಿ ಅಷ್ಟೆ. ರೀಮಿಕ್ಸು ಬೇರೆ (ಒಂದೊಂದು ವಾದ್ಯದ ಸದ್ದನ್ನೂ ಮತ್ತೆ ಹೊಂದಿಸೋದು), ರೀಮಾಸ್ಟರು ಬೇರೆ (ಮುಗಿದ ಮಿಕ್ಸನ್ನೇ ತಿದ್ದಿ ತೀಡೋದು), ಅಂಗಡಿಯೋರೇ ಎರಡನ್ನೂ ಒಂದೇ ಅನ್ಕೊಂಡಿರ್ತಾರೆ. ಗೊತ್ತಿರ್ಲಿ, ಹಾಕಿನ್ಸ್, ಹುಡ್ ಇಬ್ಬರೂ ಆಮೇಲೆ ಟ್ರಾಫಿಕ್ ಅನ್ನೋ ಬ್ರಿಟಿಷ್ ಬ್ಯಾಂಡ್ ಸೇರ್ಕೊಂಡು 1973ರ 'ಶೂಟ್ ಔಟ್ ಅಟ್ ದ ಫ್ಯಾಂಟಸಿ ಫ್ಯಾಕ್ಟರಿ'ಲಿ ನುಡಿಸಿದಾರೆ, ಅದನ್ನೂ ಜನ ತಾತ್ಸಾರ ಮಾಡ್ತಾರೆ, ಸಲ್ಲದು.

ಇದೇ ದಾರೀಲಿ ಡೆಲೇನಿ ಅಂಡ್ ಬಾನಿ ಅನ್ನೋ ಅಮೆರಿಕದ ಗಂಡ ಹೆಂಡತಿ ಜೋಡಿ ಸಿಗ್ತಾರೆ. ಬಾನಿ ಸ್ವಲ್ಪ ಕಾಲ ಐಕ್ ಅಂಡ್ ಟೀನಾ ಟರ್ನರ್ ತಂಡದ ಐಕೆಟ್ಸ್‌ನಲ್ಲಿ (ಹಿಂದೆ ನಿಂತು ಹಾಡೋ ಹುಡುಗಿಯರ ಗುಂಪು) ಹಾಡಿದೋಳು, ಗಂಟಲು ಆ ಮಟ್ಟದ್ದು. ನಮ್ಮ ಈ ಗುಂಪಲ್ಲಿ ಎಲ್ಲರ ಹತ್ರನೂ 1970ರ 'ಆನ್ ಟೂರ್' ಇರುತ್ತೆ, ಯಾಕಂದ್ರೆ ಕವರ್ ಮೇಲೆ ಹೆಸರಾಂತ ಗಿಟಾರಿಸ್ಟ್ ಎರಿಕ್ ಕ್ಲಾಪ್ಟನ್ ಹೆಸರಿದೆ. ಅದಕ್ಕೂ ಹಿಂದಿನ 'ಹೋಮ್' ಸ್ಟ್ಯಾಕ್ಸ್‌ನಲ್ಲಿ ಮಾಡಿದ್ದು, 'ಆಕ್ಸೆಪ್ಟ್ ನೋ ಸಬ್‌ಸ್ಟಿಟ್ಯೂಟ್' ಇಲೆಕ್ಟ್ರಾ ಕಂಪನಿದು, ಎರಡೂ 1969, ಇವನ್ನ ಕೇಳೋರಿಲ್ಲ. ಇವರ ಹಿಂದೆ ನಿಂತಿದ್ದ ಕಾರ್ಲ್ ರೇಡಲ್, ಬಾಬಿ ವಿಟ್ಲಾಕ್, ಜಿಮ್ ಗಾರ್ಡನ್ ಮೂರೂ ಜನಾನ ಕ್ಲಾಪ್ಟನ್ ಎತ್ಕೊಂಡು ಡೆರೆಕ್ ಅಂಡ್ ದ ಡಾಮಿನೋಸ್ ಬ್ಯಾಂಡ್ ಮಾಡ್ದ. ಜಾರ್ಜ್ ಹ್ಯಾರಿಸನ್, ರವಿಶಂಕರ್ 1971ರ ಆಗಸ್ಟ್ 1ಕ್ಕೆ ನ್ಯೂಯಾರ್ಕಲ್ಲಿ ಮಾಡಿದ ಬಾಂಗ್ಲಾದೇಶ ಕಾನ್ಸರ್ಟ್ ಸೆಟ್ ನಮ್ಮಲ್ಲಿ ಎಷ್ಟೋ ಮನೇಲಿದೆ, ಎಲ್ಲರೂ ಮೊದಲ ಸೈಡ್ ಸಿತಾರ್ ಸರೋದ್ ಕೇಳಿ ಆಮೇಲೆ ಸೀದಾ ಹ್ಯಾರಿಸನ್ ಹಾಡಿಗೆ ಹಾರ್ತಾರೆ. ಅದರಲ್ಲಿರೋ ಲಿಯಾನ್ ರಸೆಲ್ ಮೆಡ್ಲಿ (ಹಾಡುಗಳನ್ನ ಒಂದಕ್ಕೊಂದು ಪೋಣಿಸಿ ಹಾಡಿದ್ದು) ಬಿಡಬೇಡಿ, ಅದು ಪೂರ್ತಿ ಚರ್ಚ್ ಸಂಗೀತದ ಕಾವು, ಅಲ್ಲಿ ಬೇಸ್ ಅದೇ ರೇಡಲ್.

ಬ್ರಿಟಿಷ್ ಗಿಟಾರಿಸ್ಟ್ ರಾಬಿನ್ ಟ್ರೋವರ್ ಬಗ್ಗೆ ಮೇಲೆ ಕಾಮೆಂಟಲ್ಲಿ ಯಾರೋ ಜಿಮಿ ಹೆಂಡ್ರಿಕ್ಸ್ ಗಿಟಾರ್ ಶೈಲಿಯ ಕಾಪಿ ಅಂದಿದಾರೆ, ಅವರಿಗೂ ಇದೇ ಉತ್ತರ. 1974ರ 'ಬ್ರಿಡ್ಜ್ ಆಫ್ ಸೈಸ್'ನಲ್ಲಿ ಹಾಡಿರೋದು ಟ್ರೋವರ್ ಅಲ್ಲ, ಬೇಸ್ ನುಡಿಸೋ ಜೇಮ್ಸ್ ಡ್ಯೂವರ್. ಅಷ್ಟು ಹದವಾದ ಸೋಲ್ ಕಂಠ ಬ್ರಿಟನ್ನಲ್ಲಿ ಕಮ್ಮಿ. ಅವನು ಮೊದಲು ಗಾಯಕಿ ಮ್ಯಾಗಿ ಬೆಲ್ ಇದ್ದ ಸ್ಟೋನ್ ದ ಕ್ರೋಸ್ ಬ್ಯಾಂಡ್‌ನಲ್ಲಿದ್ದ, ಅಲ್ಲಿಗೂ ಹೋಗಿ.

ಈಗ ಸಾಮಾನಿನ ವಿಷಯ. ಗ್ರೇಟೆಸ್ಟ್ ಹಿಟ್ಸ್ ತಗೋಬೇಡಿ, ಈ ಜಾತಿ ಬ್ಯಾಂಡ್‌ಗಳಿಗೆ ಅದು ವಿಷ. ಡೀಲಕ್ಸ್ ಎಡಿಷನ್ ಆದ್ರೆ ಬೋನಸ್ ಹಾಡು ಶುರು ಆಗೋಷ್ಟರಲ್ಲಿ ನಿಲ್ಸಿ, ಆಲ್ಬಂ ಮುಗಿದಿರುತ್ತೆ. ಸ್ಟ್ರೀಮಿಂಗಲ್ಲಿ ಕೇಳಿದ್ರೆ ತಪ್ಪೇನಿಲ್ಲ, ಒಂದು ಹಾಡಿನ ಕೊನೇನ ಇನ್ನೊಂದರ ಶುರುಗೆ ಬೆರೆಸೋ ಕ್ರಾಸ್‌ಫೇಡ್ ಒಂದು ತೆಗೀರಿ. ಸೂಟ್‌ಕೇಸ್ ಪ್ಲೇಯರ್ ಮಾತ್ರ ಬೇಡ್ವೇ ಬೇಡ, ಅದರ ನೀಡಲ್ ಭಾರಕ್ಕೆ ಎಲ್‌ಪಿ ಬೇಗ ಸವೆಯುತ್ತೆ. ಇರೋ ಟರ್ನ್‌ಟೇಬಲ್‌ಗೆ ಆಡಿಯೋ ಟೆಕ್ನಿಕಾ ವಿಎಂ95ಇ ಕಾರ್ಟ್ರಿಜ್ (ನೀಡಲ್ ಕೂರೋ ಭಾಗ) ಹಾಕಿ, 2 ಗ್ರಾಂ ಭಾರ ಇಡಿ, ಮುಂದೆ ದುಡ್ಡಾದಾಗ ಬಾಡಿ ಅದೇ ಇಟ್ಕೊಂಡು ಬರೀ ಸ್ಟೈಲಸ್ (ನೀಡಲ್) ಬದಲಾಯಿಸಬಹುದು. ಹತ್ತು ಸಾವಿರದ ಕೇಬಲ್ ಬಗ್ಗೆ ನನ್ನ ಕೇಳ್ಬೇಡಿ, ಬಾಯಲ್ಲಿ ಕೆಟ್ಟ ಮಾತು ಬರುತ್ತೆ. ಫ್ರೀ ಆಲ್ಬಂ ಬಿಟ್ಟ ಐಲ್ಯಾಂಡ್ ಕಂಪನಿಯ ಹಳೇ ಪಿಂಕ್ ಲೇಬಲ್ ಪ್ರೆಸ್ಸಿಂಗ್ ಹಿಂದೆನೂ ಬೀಳ್ಬೇಡಿ, ಅದು ಸಂಗ್ರಹ ಮಾಡೋರ ಹುಚ್ಚು, ಕೇಳೋಕೆ ಆಮೇಲಿನ ಪ್ರೆಸ್ಸಿಂಗ್ ಧಾರಾಳ ಸಾಕು.

ಬೆಂಗಳೂರಿನ ಚಿಕ್ಕಪೇಟೆ ಸಂಡೆ ಬಜಾರ್‌ಗೆ ಹೋಗೋರು ಡಿಸ್ಕ್ ಹೊರಗೆ ತೆಗೆದು ಬೆಳಕಿಗೆ ಓರೆ ಹಿಡಿದು ನೋಡಿ, ಕವರ್ ನೋಡಿ ಮರುಳಾಗ್ಬೇಡಿ, ಒಳಗೆ ಬೇರೆ ಯಾವುದೋ ಭಕ್ತಿಗೀತೆ ಇರುತ್ತೆ. ಉಗುರಿಗೆ ತಾಗೋ ಗೀರು ಇದ್ರೆ ಬಿಡಿ, ಬರೀ ಧೂಳು ಬೂಷ್ಟು ಆದ್ರೆ ತೊಳೀಬಹುದು. ಹಂಗೇ ಹಳೇ 78 ಪ್ಲೇಟು ಸಿಕ್ಕಿದ್ರೆ ಅದಕ್ಕೆ ಐಸೋಪ್ರೊಪೈಲ್ ಆಲ್ಕೋಹಾಲ್ ಮುಟ್ಟಿಸ್ಬೇಡಿ, ಅರಗು ಕರಗಿ ಹಾಳಾಗುತ್ತೆ.

ಗಾಯಕ ಫ್ರಾಂಕಿ ಮಿಲ್ಲರ್ ಬಗ್ಗೆ ಬರೆಯೋದು ಮರೆತೆ. ಗ್ಲಾಸ್ಗೋದೋನು, 1974ರ 'ಹೈ ಲೈಫ್'ನ ನ್ಯೂ ಆರ್ಲಿಯನ್ಸ್‌ನ ಅಲೆನ್ ಟೂಸೆಂಟ್ ಪ್ರೊಡ್ಯೂಸ್ ಮಾಡಿದಾನೆ, ಹಾರ್ನ್ಸ್ ಎಲ್ಲೆಲ್ಲಿ ಬೇಕೋ ಅಲ್ಲಲ್ಲೇ. ರಾಡ್ಜರ್ಸ್ ಇಷ್ಟ ಆದೋರಿಗೆ ಇವನು ಇಷ್ಟ ಆಗ್ದೇ ಇರಲ್ಲ. ಇದರ ಎಲ್‌ಪಿ ಯಾರ ಹತ್ರ ಆದ್ರೂ ಎರಡು ಇದ್ರೆ ಮೆಸೇಜ್ ಮಾಡಿ, ಕವರ್ ಹರಿದಿದ್ರೂ ಪರ್ವಾಗಿಲ್ಲ, ಡಿಸ್ಕ್ ಸೊಟ್ಟ ಆಗಿರಬಾರ್ದು ಅಷ್ಟೇ.